ಕುಡಿತ ಬಿಟ್ಟವನೂ ಕಾರೋಣರ ಎಡೆಯೂ

ಮದ್ಯಪಾನದ ವಿಷಯದಲ್ಲಿ ಧರ್ಮಬೋಧೆ ಮಾಡಹೊರಟವರು ಸಾಮಾನ್ಯವಾಗಿ ಮದ್ಯವನ್ನು ಮೊದಲೇ ದೇವರ ಮನೆಯ ಹೊಸ್ತಿಲಿನಿಂದಾಚೆಗೆ ನಿಲ್ಲಿಸಿ, ಅದು ಅಶುಚಿ, ಅದು ಪಾಪ, ಅದನ್ನು ಮುಟ್ಟಿದವನು ಭ್ರಷ್ಟ ಎಂದು ತೀರ್ಮಾನಿಸಿಕೊಂಡು, ಆಮೇಲೆ ಮಾತಿಗೆ ತೊಡಗುತ್ತಾರೆ. ಕೊಡಗಿನಲ್ಲಿ ಈ ಸುಲಭಮಾರ್ಗ ನಮಗೆ ಲಭ್ಯವಿಲ್ಲ. ಇಲ್ಲಿಯ ಮನೆತನಗಳ ಮೂಲಮನೆಗಳಾದ ಐನ್‌ಮನೆಗಳಲ್ಲಿ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯ ತೂಗುದೀಪದ ಬೆಳಕಿನಲ್ಲಿ, ಒಕ್ಕದ, ಎಂದರೆ ಕುಲದ, ಮೂಲಪುರುಷನಾದ ಗುರುಕಾರೋಣನಿಗೂ ಆತನ ತರುವಾಯ ಗತಿಸಿದ ಹಿರಿಯರಿಗೂ ಬಾಳೆಯೆಲೆಯ ಮೇಲೆ ಮೀದಿಯೆಂಬ ಎಡೆಯಿಡುವಾಗ, ಅನ್ನಮಾಂಸಗಳ ಪಕ್ಕದಲ್ಲಿ ಮದ್ಯವೂ ಇರುತ್ತದೆ. ಹಿರಿಯರು ಸ್ವೀಕರಿಸಿದರೆಂಬ ಭಾವನೆಯಿಂದ ಕೆಲಹೊತ್ತು ಕೈಮುಗಿದು ನಿಂತು, ಅನಂತರ ಅದನ್ನೇ ಒಕ್ಕದವರು ಹಂಚಿಕೊಳ್ಳುತ್ತಾರೆ. ಪಾನವೆಂಬುದು ಇಲ್ಲಿ ಗುಟ್ಟಿನ ದುರಭ್ಯಾಸವಾಗಿ ಬೆಳೆದುಬಂದದ್ದಲ್ಲ. ಪಿತೃಭಕ್ತಿಯ, ಆತಿಥ್ಯದ, ಸೈನಿಕಜೀವನದ ಅಂಗವಾಗಿ, ಕೈಲ್‌ಪೊಳ್ದು ಹಬ್ಬ, ಮದುವೆ ಮುಂತಾದ ಸಂಭ್ರಮಗಳ ಜೊತೆಜೊತೆಗೆ ಬಂದದ್ದು. ಈ ಸಂಪ್ರದಾಯವನ್ನು ಹೀಗಳೆಯುವ ಉದ್ದೇಶ ನನಗೆ ಎಳ್ಳಷ್ಟೂ ಇಲ್ಲ. ಬಹುಮಂದಿ ಅದರ ಮಿತಿಯನ್ನರಿತು ಬಾಳಿ ತೀರಿಕೊಂಡಿದ್ದಾರೆ. ಆದರೆ ಮಿತಿಯಲ್ಲಿ ನಿಲ್ಲಲಾರದೆ ಹೋದವನೊಬ್ಬನು ಇಲ್ಲದ ಒಕ್ಕ ವಿರಳವೆಂಬುದೂ ನಮಗೆಲ್ಲರಿಗೂ ತಿಳಿದ ಸಂಗತಿಯೇ.

ಅಂಥವನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಸೈನ್ಯದಿಂದ ನಿವೃತ್ತನಾಗಿ ಬಂದು, ಕಾಫಿ ಮೆಣಸುಗಳ ತುಂಡುತೋಟವನ್ನು ನೋಡಿಕೊಂಡಿದ್ದು, ಕ್ಯಾಂಟೀನಿನ ರಮ್ಮಿನಿಂದ ತೊಡಗಿದ ಸಂಜೆಯ ಅಭ್ಯಾಸವು ಬರಬರುತ್ತ ಬೆಳಗಿನ ಅಗತ್ಯವಾಗಿ ಪರಿಣಮಿಸಿ, ಕೊನೆಗೆ ಹೆಂಡತಿಮಕ್ಕಳ ಕಣ್ಣೀರಿಗೋ ವೈದ್ಯರ ಎಚ್ಚರಿಕೆಗೋ ಮಣಿದು ಕುಡಿತ ಬಿಟ್ಟವನು. ಬಿಟ್ಟು ಕೆಲವು ತಿಂಗಳುಗಳಾಗಿವೆ. ಕಾರೋಣರಿಗೆ ಕೊಡುವ ದಿನ ಐನ್‌ಮನೆಯಲ್ಲಿ ಒಕ್ಕವೆಲ್ಲ ನೆರೆದಿದೆ. ಎಲೆಯ ಮೇಲೆ ಕಡಂಬುಟ್ಟು, ಕಾಚಂಪುಳಿ ಹಾಕಿ ಕಪ್ಪಾಗಿಸಿದ ಹಂದಿಸಾರು, ಕೋಳಿ; ಪಕ್ಕದಲ್ಲಿ ಸಣ್ಣ ಲೋಟದಲ್ಲಿ ಬ್ರಾಂದಿ. ಪ್ರಾರ್ಥನೆ ಮುಗಿದು, ಲೋಟವು ಹಿರಿಯರಿಂದ ಕಿರಿಯರಿಗೆ ಸಾಗುತ್ತ ಬಂದು ಇವನ ಮುಂದೆ ನಿಲ್ಲುತ್ತದೆ. ದೀಪದ ಎಣ್ಣೆಯ ವಾಸನೆಯನ್ನೂ ಮಸಾಲೆಯ ವಾಸನೆಯನ್ನೂ ಸೀಳಿಕೊಂಡು ಅದೊಂದೇ ವಾಸನೆ ಅವನ ಮೂಗಿಗೆ ತಾಗುತ್ತದೆ; ಬಾಯಲ್ಲಿ ನೀರೂರುತ್ತದೆ; ಕೈ ತನ್ನಷ್ಟಕ್ಕೆ ತಾನೇ ಮೇಲೇಳಲು ಹೊರಟದ್ದನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳುತ್ತಾನೆ. ದೊಡ್ಡಪ್ಪ ಪ್ರೀತಿಯಿಂದಲೇ ಹೇಳುತ್ತಾರೆ: “ಒಂದು ತೊಟ್ಟು ತುಟಿಗೆ ಮುಟ್ಟಿಸು ಮಗ, ಇದೇನು ಬ್ರಾಂದಿಯಲ್ಲ, ಕಾರೋಣರ ಪ್ರಸಾದ, ಬೇಡ ಎನ್ನಬಾರದು.”

ಈ ಮಾತಿನಲ್ಲಿ ಕೆಡುಕು ಲವಲೇಶವೂ ಇಲ್ಲ. ಆದಕಾರಣವೇ ಅದು ಅಂಗಡಿಯವನ ಕರೆಗಿಂತ ಭಯಂಕರವಾದದ್ದು. ಅಂಗಡಿಯ ಮುಂದೆ ಹಾಯುವಾಗ ಅವನು ತನ್ನ ಆಸೆಯೊಂದರೊಡನೆ ಮಾತ್ರ ಹೋರಾಡಬೇಕು. ಇಲ್ಲಿಯಾದರೋ ತನ್ನ ಭಕ್ತಿಯೊಡನೆ, ತನ್ನ ರಕ್ತದೊಡನೆ, ತಾನು ಯಾರ ಮಗನೆಂಬ ನೆನಪಿನೊಡನೆ ಹೋರಾಡಬೇಕಾಗುತ್ತದೆ. ಬೇಡವೆಂದರೆ ಪಿತೃಗಳನ್ನು ಧಿಕ್ಕರಿಸಿದಂತೆ. ಬೇಕೆಂದರೆ, ಚಟ ಒಮ್ಮೆ ಬೇರೂರಿದ ದೇಹಕ್ಕೆ ಒಂದು ತೊಟ್ಟೆಂಬ ಪ್ರಮಾಣವೇ ಇಲ್ಲದ ಕಾರಣ, ನಾಳೆ ಬೆಳಗ್ಗೆ ಮತ್ತೆ ಮೊದಲಿನ ಹಳ್ಳ. ಧರ್ಮವೇ ಧರ್ಮಕ್ಕೆ ಅಡ್ಡ ನಿಂತಿರುವ ಈ ಸ್ಥಳದಲ್ಲಿ ಅವನು ಮಾಡತಕ್ಕದ್ದೇನು?

ಪ್ರಸಾದದ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ಅದು ತೋರುವಷ್ಟು ಕಠಿನವಾದದ್ದಲ್ಲ. ಅಕ್ಟೋಬರಿನ ನಡುವಿನಲ್ಲಿ, ಸೂರ್ಯನು ತುಲಾರಾಶಿಯನ್ನು ಪ್ರವೇಶಿಸುವ ಮುಹೂರ್ತದಲ್ಲಿ ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವವಾಗುವ ಹಬ್ಬದಲ್ಲಿ, ಇದೇ ಒಕ್ಕದ ಮನೆಗಳಲ್ಲಿ ಕಣಿಪೂಜೆ ನಡೆಯುತ್ತದೆ. ಅಂದು ಮಾಂಸವೂ ಇಲ್ಲ, ಮದ್ಯವೂ ಇಲ್ಲ. ದೋಸೆ, ಕುಂಬಳಕಾಯಿಯ ಪಲ್ಯ. ಕಕ್ಕಬ್ಬೆಯ ಬಳಿ ಪಾಡಿಯ ಇಗ್ಗುತಪ್ಪನ ಸನ್ನಿಧಿಯಲ್ಲಿಯೂ ನೈವೇದ್ಯ ಸಾತ್ತ್ವಿಕವಾದದ್ದೇ. ಕಾವೇರಿಯಮ್ಮನನ್ನು ಕೈಲೋಟವಿಲ್ಲದೆ ಪೂಜಿಸಲು ಬಲ್ಲ ಜನ, ಅಜ್ಜನನ್ನು ಕೈಲೋಟವಿಲ್ಲದೆ ನಮಿಸಲಾರರೆಂದರೆ ನಂಬುವುದು ಹೇಗೆ? ಅದೂ ಅಲ್ಲದೆ, ಕಾರೋಣನೆಂಬವನು ಯಾರು? ಕಾಡು ಕಡಿದು ಗದ್ದೆ ಮಾಡಿದವನು, ಒಕ್ಕದ ಬೀಜವನ್ನು ನೆಟ್ಟವನು, ಸತ್ತ ಮೇಲೆಯೂ ತನ್ನ ಸಂತತಿಯನ್ನು ಕಾಯುತ್ತಾನೆಂಬ ನಂಬಿಕೆಗೆ ಪಾತ್ರನಾದವನು. ತನ್ನ ಮೊಮ್ಮಗನ ಯಕೃತ್ತು ಕರಗಿ, ತೋಟ ಅಡವಾಗಿ, ಹೆಂಡತಿ ತವರು ಸೇರುವುದನ್ನು ತನಗೆ ಸಲ್ಲುವ ಸೇವೆಯೆಂದು ಆತನು ಎಣಿಸುವನೇ? ಹಾಗೆಂದು ಭಾವಿಸುವುದೇ ಕಾರೋಣನಿಗೆ ಮಾಡುವ ಅಪಚಾರವೆಂದು ನನ್ನ ಮತಿಗೆ ತೋರುತ್ತದೆ. ಎಡೆಯಲ್ಲಿ ಮದ್ಯವಿರಲಿ, ಅದು ಅಗಲಿದವರ ಪಾಲು. ಇವನ ಪಾಲು ಎಲೆಯ ಮೇಲಿನ ಒಂದು ತುತ್ತಿನಲ್ಲಿ, ಕಾರೋಣರಿಗೆ ಬಾಗಿದ ತಲೆಯಲ್ಲಿ ಪೂರ್ಣವಾಗಿಯೇ ಸಲ್ಲುತ್ತದೆ.

ಇದಕ್ಕಿಂತ ಆಳವಾದ ಪ್ರಶ್ನೆಯೊಂದು ಉಳಿಯುತ್ತದೆ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ, ಸ್ಥಿತಪ್ರಜ್ಞನ ಲಕ್ಷಣಗಳನ್ನು ಹೇಳುವ ಸಂದರ್ಭದಲ್ಲಿ, ಉಪವಾಸವಿದ್ದವನಿಂದ ವಿಷಯಗಳು ದೂರ ಸರಿದರೂ ಅವುಗಳ ರುಚಿ ಮಾತ್ರ ಸರಿಯುವುದಿಲ್ಲ, ಪರತತ್ತ್ವದ ದರ್ಶನವಾದಾಗಲಷ್ಟೇ ಅದೂ ಹಿಂಗುತ್ತದೆ ಎಂಬ ಭಾವದ ಶ್ಲೋಕವೊಂದುಂಟು. ಯತಿಗಳಿಗಾಗಿ ಹೇಳಿದ್ದೆಂದು ನಾವು ಸಾಮಾನ್ಯವಾಗಿ ದಾಟಿಹೋಗುವ ಈ ಮಾತು ಕುಡಿತ ಬಿಟ್ಟವನ ಸ್ಥಿತಿಯನ್ನು ಅಕ್ಷರಶಃ ವರ್ಣಿಸುತ್ತದೆ. ಬಾಟಲಿ ಹೋಯಿತು, ರುಚಿ ಹೋಗಲಿಲ್ಲ, ಪರದರ್ಶನವಂತೂ ಆಗಿಲ್ಲ. ಈ ಎರಡರ ನಡುವಿನ ಬಯಲಿನಲ್ಲಿ ಅವನು ವರ್ಷಾನುಗಟ್ಟಲೆ ನಡೆಯಬೇಕು. ಶಾಸ್ತ್ರಗಳು ಆಚೆಯ ದಡವನ್ನು ವರ್ಣಿಸುತ್ತವೆ, ನೀತಿಬೋಧಕರು ಈಚೆಯ ದಡವನ್ನು ನಿಂದಿಸುತ್ತಾರೆ. ನಡುವೆ ಇರುವವನಿಗೆ ಬೇಕಾದ ಮಾತನ್ನು ಹೇಳುವವರು ಅಪರೂಪ. ದೃಢಸಂಕಲ್ಪ ಮಾಡು ಎನ್ನುತ್ತಾರೆ. ಸಂಕಲ್ಪವನ್ನು ಮಾಡತಕ್ಕ ಮನಸ್ಸೇ ರೋಗಕ್ಕೆ ಸಿಕ್ಕಿದ್ದಲ್ಲವೇ? ಮುರಿದ ಕಾಲಿನವನಿಗೆ ಎದ್ದು ಓಡೆಂದು ಧೈರ್ಯ ಹೇಳಿದಂತಾಯಿತು ಅದು.

ಇಲ್ಲಿ ದೇಹದ ಮಾತನ್ನೂ ಹೇಳಲೇಬೇಕು. ಬಹುಕಾಲ ಕುಡಿದ ದೇಹ ಏಕಾಏಕಿ ಮದ್ಯ ತಪ್ಪಿದೊಡನೆ ನಡುಗುತ್ತದೆ, ಬೆವರುತ್ತದೆ. ಕೆಲವರಿಗೆ ಎರಡು ಮೂರು ದಿನಗಳೊಳಗೆ ಅಪಸ್ಮಾರದಂತಹ ಸೆಳೆತವೂ, ಇಲ್ಲದ್ದನ್ನು ಕಾಣುವ ಭ್ರಾಂತಿಯೂ ಬಂದು ಪ್ರಾಣಾಪಾಯವೇ ಆಗಬಹುದು. ಆದಕಾರಣ ದೇವರ ಮುಂದೆ ಆಣೆಯಿಟ್ಟು ಅಂದಿನಿಂದಲೇ ಮನೆಯಲ್ಲಿ ಬಿಟ್ಟುಬಿಡುತ್ತೇನೆಂಬ ಶೂರತ್ವ ತರವಲ್ಲ. ವೈದ್ಯರ ಕಣ್ಣಳತೆಯಲ್ಲಿ ಬಿಡುವುದು ಭಕ್ತಿಗೆ ಕುಂದಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಕೊಡಗಿಗೂ ಬಂದಿವೆ. ಎಂಟು ದಿನ ಒಂದೇ ಸೂರಿನಡಿಯಲ್ಲಿ ಮಲಗಿ, ಭಜನೆ, ಯೋಗ, ಉಪನ್ಯಾಸ, ಚಿಕಿತ್ಸೆಗಳಲ್ಲಿ ಕಳೆದು, ಕೊನೆಯ ದಿನ ಹೆಂಡತಿಮಕ್ಕಳ ಎದುರಿನಲ್ಲಿ ಶಿಬಿರಾರ್ಥಿಗಳು ಪ್ರತಿಜ್ಞೆ ಮಾಡುತ್ತಾರೆ. ಆದರೆ ಅದನ್ನು ನಡೆಸುವವರು ಆ ಎಂಟು ದಿನಗಳನ್ನೇ ಸಿದ್ಧಿಯೆಂದು ನಂಬಿ ಕೂರಲಿಲ್ಲ. ಬಿಟ್ಟವರನ್ನೆಲ್ಲ ‘ನವಜೀವನ ಸಮಿತಿ’ಗಳಲ್ಲಿ ಸೇರಿಸಿ ಮತ್ತೆ ಮತ್ತೆ ಕಲೆಯುವಂತೆ ಮಾಡಿ, ನೂರು ದಿನ ತುಂಬಿದಾಗ ‘ಶತದಿನೋತ್ಸವ’ವನ್ನು ಆಚರಿಸುತ್ತಾರೆ. ಮಗುವಿಗೆ ನಾಮಕರಣ ಮಾಡುವ ಸಮಾಜ, ಸತ್ತವನಿಗೆ ಮಾದವೆಂಬ ಉತ್ತರಕ್ರಿಯೆ ಮಾಡುವ ಸಮಾಜ, ನೂರು ದಿನ ಕುಡಿಯದೆ ಬದುಕಿದವನಿಗೂ ಒಂದು ಹಬ್ಬವನ್ನು ಕೊಟ್ಟದ್ದು ನಮ್ಮ ಕಾಲದ ಒಂದು ದೊಡ್ಡ ಪುಣ್ಯಕಾರ್ಯವೆಂದು ನಾನು ತಿಳಿದಿದ್ದೇನೆ.

ಸಂಕಲ್ಪದ ಸೋಲನ್ನು ಒಪ್ಪಿಕೊಳ್ಳುವುದರಿಂದಲೇ ಬಿಡುಗಡೆ ಮೊದಲಾಗುತ್ತದೆಂಬುದನ್ನು 1935ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರುಪೇಟೆಯವನು, ಇನ್ನೊಬ್ಬ ಶಸ್ತ್ರವೈದ್ಯ, ಪರಸ್ಪರ ಮಾತಾಡುತ್ತ ಕಂಡುಕೊಂಡರು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಹುಟ್ಟಿದ್ದು ಹಾಗೆ. ನನ್ನಿಂದಾಗದು, ನನಗಿಂತ ಹಿರಿದಾದುದೊಂದು ಇದೆ, ಅದಕ್ಕೆ ಒಪ್ಪಿಸಿಕೊಳ್ಳುತ್ತೇನೆ, ಈ ಒಂದು ದಿನ ಕುಡಿಯುವುದಿಲ್ಲ: ಅವರ ಹಾದಿಯ ಸಾರ ಇಷ್ಟು. ಮನಶ್ಶಾಸ್ತ್ರಜ್ಞನಾದ ಯೂಂಗ್ 1961ರಲ್ಲಿ ಆ ಸಂಘದ ಸ್ಥಾಪಕರಲ್ಲೊಬ್ಬನಿಗೆ ಬರೆದ ಪತ್ರದಲ್ಲಿ, ಕುಡುಕನ ದಾಹವು ಪೂರ್ಣತೆಗಾಗಿ ಆತ್ಮ ಪಡುವ ದಾಹದ್ದೇ ಕೆಳಮಟ್ಟದ ರೂಪವೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದಾನೆ. ನಮಗೆ ಈ ಶರಣಾಗತಿಯ ಮಾತು ಹೊಸದೇನಲ್ಲ. ಪೊನ್ನಂಪೇಟೆಯ ಶಾರದಾಶ್ರಮದಲ್ಲಿ ಯಾರ ಚಿತ್ರದ ಮುಂದೆ ದಿನವೂ ಆರತಿ ನಡೆಯುತ್ತದೆಯೋ ಆ ಶ್ರೀರಾಮಕೃಷ್ಣರ ಬಳಿಗೆ ವಂಗನಾಟಕಕಾರ ಗಿರೀಶಚಂದ್ರ ಘೋಷ್ ಮದ್ಯದ ಮತ್ತಿನಲ್ಲಿಯೇ ಬಂದದ್ದುಂಟು. ಅವರು ಕುಡಿಯಬೇಡವೆನ್ನಲಿಲ್ಲ. ಬೆಳಗ್ಗೆ ಸಂಜೆ ದೇವರನ್ನು ಒಮ್ಮೆ ನೆನೆ ಎಂದರು. ಅಷ್ಟನ್ನೂ ಮಾತುಕೊಡಲಾರೆನೆಂದ ಗಿರೀಶನಿಗೆ, ಹಾಗಾದರೆ ನಿನ್ನ ಭಾರದ ವಕಾಲತ್ತನ್ನು ನನಗೆ ಕೊಡು ಎಂದರು. ಹಗುರವಾಯಿತೆಂದುಕೊಂಡು ಕೊಟ್ಟ ಗಿರೀಶ, ತನ್ನದೆಂಬುದೇನೂ ಉಳಿಯದ ಮೇಲೆ ಒಂದು ಹೆಜ್ಜೆಯನ್ನೂ ಸ್ವೇಚ್ಛೆಯಿಂದ ಇಡಲಾಗದೆಂಬುದನ್ನು ಬಹುಕಾಲದ ಅನಂತರ ಅರಿತುಕೊಂಡ.

ಆದರೂ ಶರಣಾಗತಿಯೊಂದರಿಂದಲೇ ಎಲ್ಲವೂ ಮುಗಿಯಿತೆನ್ನಲು ನನಗೆ ಧೈರ್ಯವಿಲ್ಲ. ಎಲ್ಲರಿಗೂ ಪರಮಹಂಸರು ದೊರೆಯುವುದಿಲ್ಲ; ದೊರೆಯದವರಿಗೆ ಜೊತೆಗಾರರು ಬೇಕು. ಕುಶಾಲನಗರದಿಂದ ಕಾವೇರಿಯನ್ನು ದಾಟಿದರೆ, 1961ರ ಸುಮಾರಿಗೆ ಟಿಬೆಟಿನ ನಿರಾಶ್ರಿತರು ನೆಲೆಸಿದ ಬೈಲುಕುಪ್ಪೆ. ಅಲ್ಲಿಯ ವಿಹಾರಗಳಿಗೆ ಮೂಲವಾದ ಬೌದ್ಧಧರ್ಮದ ಪಂಚಶೀಲಗಳಲ್ಲಿ ಐದನೆಯದು ಸುರಾಪಾನದಿಂದ ವಿರತನಾಗುವುದು. ಕುಡಿದವನು ಎಚ್ಚರ ತಪ್ಪಿ ಮಿಕ್ಕ ಶೀಲಗಳನ್ನೂ ಕಳೆದುಕೊಳ್ಳುವನೆಂಬುದು ಅದಕ್ಕೆ ಕೊಡುವ ಕಾರಣ. ಅದನ್ನು ಒಮ್ಮೆ ಕೈಕೊಂಡು ಮರೆತುಬಿಡುವುದಿಲ್ಲ. ಉಪೋಸಥವೆಂಬ ವ್ರತದ ದಿನಗಳಲ್ಲಿ ಜೊತೆಗಾರರೊಡನೆ ಕುಳಿತು ಮತ್ತೆ ಮತ್ತೆ ಉಚ್ಚರಿಸಿ ಕೈಕೊಳ್ಳುತ್ತಾರೆ. ಮುರಿದಿದ್ದರೆ ಮತ್ತೆ ಕೈಕೊಳ್ಳುತ್ತಾರೆ. ಜಾರಿಬಿದ್ದವನನ್ನು ನಮ್ಮಲ್ಲಿ “ಇವನಿಷ್ಟೇ” ಎಂದು ಕೈಬಿಡುವ ರೀತಿಗೂ ಅದಕ್ಕೂ ಎಷ್ಟು ಅಂತರ! ಕೈಬಿಡದ ಮಾದರಿ ನಮ್ಮಲ್ಲಿಯೂ ಇತ್ತು: ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುವುದನ್ನೇ ಕಾಯಕವಾಗಿಸಿಕೊಂಡಿದ್ದ ಮಾರಯ್ಯನನ್ನು ಶರಣರು ತಮ್ಮವನೆಂದರು. ಆತನೋ ತನ್ನ ಬಳಿಗೆ ಬಂದವರಿಗೆ ಕುಡಿತ ಬಿಡಿರೆಂದು ಬುದ್ಧಿ ಹೇಳುತ್ತಿದ್ದನೆಂದು ಪ್ರತೀತಿ. ಲೋಟವನ್ನು ನೀಡುವವನೂ ಬಿಡುವವನ ವ್ರತದಲ್ಲಿ ಪಾಲುದಾರನಾಗಬಹುದೆಂಬುದಕ್ಕೆ ಇದಕ್ಕಿಂತ ಹೃದ್ಯವಾದ ದೃಷ್ಟಾಂತ ನನಗೆ ತಿಳಿಯದು.

ನಾನು ಹೇಳಬೇಕೆಂದಿರುವುದೂ ಇದೇ: ಕುಡಿತ ಬಿಟ್ಟವನ ವ್ರತ ಅವನೊಬ್ಬನದಾಗಿ ಉಳಿಯತಕ್ಕದ್ದಲ್ಲ. ಇದನ್ನು ಕಲಿಯಲು ಕೊಡಗಿನವರು ಎಲ್ಲಿಗೂ ಹೋಗಬೇಕಾಗಿಲ್ಲ. ಊರ ದೇವರ ಹಬ್ಬ ಹತ್ತಿರವಾದಾಗ ಇಲ್ಲಿಯ ಅನೇಕ ಗ್ರಾಮಗಳಲ್ಲಿ ದೇವಕಟ್ಟು ಬೀಳುತ್ತದೆ. ಆ ದಿನಗಳಲ್ಲಿ ಜೀವವಧೆ ಕೂಡದು, ಹಸಿಮರಕ್ಕೆ ಕತ್ತಿ ಹಾಕಕೂಡದು. ನಿಯಮಗಳು ಊರಿಂದೂರಿಗೆ ಬೇರೆ ಬೇರೆ, ಮದ್ಯಮಾಂಸಗಳನ್ನು ದೂರವಿಡುವ ಊರುಗಳೂ ಉಂಟು. ಆಗ ಯಾರೂ ನೆರೆಯವನನ್ನು “ಒಂದೇ ಒಂದು” ಎಂದು ಒತ್ತಾಯಿಸುವುದಿಲ್ಲ. ಆಸೆಯಿದ್ದವನೂ ತಡೆದುಕೊಳ್ಳುತ್ತಾನೆ, ಏಕೆಂದರೆ ತಡೆಯುತ್ತಿರುವುದು ಅವನೊಬ್ಬನ ಮನಸ್ಸಲ್ಲ, ಊರೆಲ್ಲದರ ಮನಸ್ಸು. ಇಂತಹ ಕಟ್ಟನ್ನು ದೇವರಿಗಾಗಿ ಪಾಲಿಸಬಲ್ಲ ಒಕ್ಕವು, ತನ್ನ ಕುಲದ ಒಂದು ಜೀವಕ್ಕಾಗಿ ಒಂದು ಸಂಜೆ ಪಾಲಿಸಲಾರದೇ? ಎಡೆಯ ಲೋಟವನ್ನು ಕಾರೋಣರಿಗೆ ಒಪ್ಪಿಸಿ, ಹಂಚುವ ಹೊತ್ತಿಗೆ ಒಕ್ಕದ ಹಿರಿಯರಾದ ಪಟ್ಟೆದಾರರೇ ಮೊದಲು ಎಳನೀರನ್ನು ಕೈಗೆತ್ತಿಕೊಂಡರೆ, ಆ ಪಂಕ್ತಿಯಲ್ಲಿ ಬಿಟ್ಟವನು ಯಾರು, ಬಿಡದವನು ಯಾರೆಂಬುದು ಯಾರಿಗೂ ಕಾಣದು. ಕೈ ಹಿಡಿದುಕೊಂಡು ಕೂರುವ ಸಂಕಟ ಯಾರಿಗೂ ಬಾರದು. ಕೆಲವರ ಸಂತೋಷಕ್ಕೆ ಅದರಿಂದ ಕೊಂಚ ಊನವಾದೀತು. ಆಗಲಿ.

ಒಕ್ಕವಿದ್ದವರ ಮಾತಾಯಿತು. ತೋಟಗಳ ಲೈನ್‌ಮನೆಗಳಲ್ಲಿ ವಾಸಿಸುವ ಯರವರು, ಪಣಿಯರು, ಜೇನುಕುರುಬರು, ಹೊರಗಿನಿಂದ ಬಂದ ಕೂಲಿಗಾರರು, ಇವರ ಪಾಡು ಬೇರೆ. ಇವರಲ್ಲಿಯೂ ಹಿರಿಯರಿಗೆ ಸಲ್ಲಿಸುವ ಎಡೆಯುಂಟು, ದೈವವುಂಟು. ಇಲ್ಲದ್ದು ಒಂದು ಕೂಗಿಗೆ ನೆರೆದುಬರುವ ಐನ್‌ಮನೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಅಗ್ಗದ ಬೇರೆ ಮದ್ಯ ಅದರ ಜಾಗಕ್ಕೆ ಬಂತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬಟವಾಡೆಯ ದಿನ ಸಂತೆಗೆ ಹೋದ ದುಡ್ಡಿನಲ್ಲಿ ಎಷ್ಟು ಮನೆಗೆ ಮರಳುತ್ತದೆಂಬುದು ಅಲ್ಲಿಯ ಹೆಂಗಸರಿಗೆ ಗೊತ್ತು. ಶಿಬಿರಕ್ಕೆ ಹೋಗಿಬಂದ ಕೂಲಿಗಾರ ಮರಳುವುದು ಅದೇ ಲೈನಿಗೆ, ಗೋಡೆಯ ಆಚೆ ಕುಡಿಯುತ್ತಿರುವ ಜೊತೆಗಾರನ ಪಕ್ಕಕ್ಕೆ. ಇವನ ಕಟ್ಟನ್ನು ಪಾಲಿಸತಕ್ಕವರು ಯಾರು? ತೋಟದ ಧಣಿ ತನ್ನ ಒಕ್ಕದ ಮಗನಿಗಾಗಿ ಲೋಟವನ್ನು ಕೆಳಗಿಡುವುದು ಸಹಜ. ತನ್ನ ಮೆಣಸಿನ ಬಳ್ಳಿಗೆ ಏಣಿ ಹಾಕುವವನಿಗಾಗಿಯೂ ಏನಾದರೊಂದನ್ನು ಕೆಳಗಿಡುವನೇ ಎಂಬುದು ನನಗೆ ಇನ್ನೂ ಉತ್ತರ ದೊರಕದ ಪ್ರಶ್ನೆ. ಸದ್ಯಕ್ಕೆ, ಅವನು ಶಿಬಿರದಲ್ಲಿ ಕಳೆಯುವ ಎಂಟು ದಿನಗಳ ಕೂಲಿಯನ್ನು ತೋಟದ ಲೆಕ್ಕದಲ್ಲಿಯೇ ಬರೆದು ಅವನ ಹೆಂಡತಿಯ ಕೈಗೆ ಕೊಡುವುದರಿಂದ ಆರಂಭಿಸಬಹುದು; ಹಾಗೆ ಕೊಡದೆಹೋದರೆ, ಆ ಎಂಟು ದಿನ ಅವಳ ಒಲೆ ಉರಿಯುವುದು ಹೇಗೆಂಬುದನ್ನು ಶಿಬಿರಕ್ಕೆ ಹೋಗೆಂದು ಬುದ್ಧಿ ಹೇಳುವವರೇ ಹೇಳಬೇಕು.