ತಾಯಿಯ ದಾರಿಯಲ್ಲಿ ಬಂದವರು

ವಂಶದ ಮಾತು ಬಂದಾಗ ನಾವು ತಂದೆಯ ಕಡೆಯಿಂದಲೇ ಎಣಿಸಲು ತೊಡಗುತ್ತೇವೆ. ತಂದೆ, ಅಜ್ಜ, ಮುತ್ತಜ್ಜ ಎಂದು ಐದಾರು ತಲೆಮಾರಿನ ಹೆಸರು ಹೇಳುವವರು ನಮ್ಮಲ್ಲಿದ್ದಾರೆ. ಕೆಲವು ಮನೆತನಗಳಲ್ಲಿ ಈ ಪಟ್ಟಿ ಕಡಲು ದಾಟಿ ಯಮನ್‌ಗೋ ಬಗ್ದಾದ್‌ಗೋ ಹೋಗಿ ಮುಟ್ಟುವುದೂ ಉಂಟು. ಆದರೆ ತಾಯಿಯ ತಾಯಿಯ ತಾಯಿಯ ಹೆಸರೇನು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. ಅಲ್ಲಿಂದ ಹಿಂದಕ್ಕೆ ಎಲ್ಲವೂ ಕತ್ತಲೆ.

ನಾವು ಮರೆತದ್ದನ್ನು ನಮ್ಮ ಮೈ ಮರೆತಿಲ್ಲ. ನಮ್ಮ ಜೀವಕೋಶಗಳೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾ ಎಂಬ ಪುಟ್ಟ ಅಂಗಗಳಿವೆ. ಅವುಗಳಿಗೆ ತಮ್ಮದೇ ಆದ ಚಿಕ್ಕ ಡಿಎನ್ಎ ಇದೆ. ಅದರಲ್ಲಿರುವುದು ಕೇವಲ 16,569 ಅಕ್ಷರಗಳು. ಇದು ತಾಯಿಯ ಅಂಡಾಣುವಿನ ಮೂಲಕ ಮಾತ್ರ ಮಕ್ಕಳಿಗೆ ಬರುತ್ತದೆ. ಮಗನಿಗೂ ಸಿಗುತ್ತದೆ, ಆದರೆ ಅವನು ಅದನ್ನು ಮುಂದಕ್ಕೆ ಕೊಡಲಾರ. ಸಾವಿರಾರು ವರ್ಷಗಳಿಗೊಮ್ಮೆ ಅದರಲ್ಲಿ ಒಂದೊಂದು ಅಕ್ಷರ ಬದಲಾಗುತ್ತದೆ. ಆ ಬದಲಾವಣೆಗಳನ್ನು ಹೋಲಿಸಿ, ಯಾರ ತಾಯಂದಿರು ಯಾವ ಕವಲಿನವರು ಎಂದು ವಿಜ್ಞಾನಿಗಳು ಗುರುತಿಸುತ್ತಾರೆ. ತುಳುನಾಡಿನಲ್ಲಿ ‘ಬಳಿ’ ತಾಯಿಯಿಂದ ಮಕ್ಕಳಿಗೆ ಬರುವುದನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು.

ಇಂತಹ ಒಂದು ಅಪರೂಪದ ಕವಲಿನ ಕಥೆ ನಮ್ಮನ್ನು ಬಹಳ ಕಾಲದಿಂದ ಕಾಡುತ್ತಿದೆ. ಅದು ಸಿಕ್ಕಿದ್ದು ಐಸ್‌ಲ್ಯಾಂಡ್‌ನಲ್ಲಿ. ಒಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಜನರು ನೆಲೆಸಲು ತೊಡಗಿದ ಆ ದ್ವೀಪದವರಷ್ಟು ವಂಶಾವಳಿಯನ್ನು ಜೋಪಾನ ಮಾಡಿದವರು ಲೋಕದಲ್ಲಿ ವಿರಳ. ಅಲ್ಲಿನ ತಾಯಿಯ ಕವಲುಗಳೆಲ್ಲ ಸಾಮಾನ್ಯವಾಗಿ ಸ್ಕ್ಯಾಂಡಿನೇವಿಯಾದವು, ಇಲ್ಲವೇ ಬ್ರಿಟನ್ ಮತ್ತು ಐರ್ಲೆಂಡ್ ಕಡೆಯವು. ಆದರೆ ಎಂಬತ್ತರಷ್ಟು ಜನರಲ್ಲಿ ಅಲ್ಲಿ ಇರಲೇಬಾರದ ಒಂದು ಕವಲು ಕಂಡಿತು. ಅದು ‘ಸಿ1’ ಎಂಬ ಗುಂಪಿಗೆ ಸೇರಿದ್ದು. ಸುಮಾರು 14,000 ವರ್ಷಗಳ ಹಿಂದೆ ಅಮೆರಿಕಾ ಖಂಡದಲ್ಲಿ ಮೊದಲು ನೆಲೆಸಿದವರು ಹೊತ್ತು ತಂದ ಕೆಲವೇ ಕವಲುಗಳಲ್ಲಿ ಅದೂ ಒಂದು.

ಇತ್ತೀಚೆಗೆ ಯಾರೋ ವಲಸೆ ಬಂದಿರಬೇಕು ಎಂದು ಮೊದಲು ಎಣಿಸಲಾಗಿತ್ತು. ವಂಶಾವಳಿ ಹಿಡಿದು ಹಿಂದಕ್ಕೆ ಹೋದಾಗ ಆ ಊಹೆ ನಿಲ್ಲಲಿಲ್ಲ. ಎಳೆಗಳು ಹದಿನೆಂಟನೇ ಶತಮಾನದ ಮೊದಲ ಭಾಗದ ನಾಲ್ವರ ಬಳಿಗೆ, ದಕ್ಷಿಣದ ವಾಟ್ನಾಯೊಕುಲ್ ಎಂಬ ಮಹಾ ಹಿಮರಾಶಿಯ ಆಸುಪಾಸಿಗೆ ಹೋಗಿ ನಿಂತವು. 2010ರಲ್ಲಿ ಐಸ್‌ಲ್ಯಾಂಡ್ ಮತ್ತು ಸ್ಪೇನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಕವಲು ಅಲ್ಲಿಗೆ ತಲುಪಿದ್ದು ತಡವೆಂದರೂ 1700ಕ್ಕೆ ಮುಂಚೆ, ಬಹುಶಃ ಅದಕ್ಕೂ ಕೆಲವು ಶತಮಾನ ಹಿಂದೆ. ಆವರೆಗೆ ಗೊತ್ತಿದ್ದ ಯಾವ ಉಪಕವಲಿಗೂ ಅದು ಸೇರದ ಕಾರಣ ‘ಸಿ1ಇ’ ಎಂಬ ಹೊಸ ಹೆಸರನ್ನೇ ಇಡಬೇಕಾಯಿತು.

ಕೊಲಂಬಸ್‌ಗಿಂತ ಐದು ಶತಮಾನ ಮುಂಚೆ ವೈಕಿಂಗ್ ಹಡಗೊಂದು ಅಮೆರಿಕಾದ ಮಹಿಳೆಯನ್ನು ಐಸ್‌ಲ್ಯಾಂಡ್‌ಗೆ ಕರೆತಂದಿತ್ತು ಎಂಬ ಸುದ್ದಿ ಆಗ ಲೋಕವೆಲ್ಲ ಸುತ್ತಿತು. ಇದು ಕೇವಲ ಕಲ್ಪನೆಯಲ್ಲ. ವೈಕಿಂಗರು ಅಮೆರಿಕಾ ತಲುಪಿದ್ದರೆಂಬುದು 1960ರಲ್ಲಿ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಅವರ ವಸತಿಯ ಅವಶೇಷಗಳು ಪತ್ತೆಯಾದಾಗಿನಿಂದ ಖಚಿತವಾಗಿತ್ತು. 1021ರಲ್ಲಿ ಅವರು ಅಲ್ಲಿ ಮರ ಕಡಿದಿದ್ದರೆಂದು 2021ರಲ್ಲಿ ಲೆಕ್ಕವೂ ಸಿಕ್ಕಿತು. ಅವರ ಹಳೆಯ ಕಥನವೊಂದರಲ್ಲಿ ಆ ಕಡೆಯಿಂದ ಇಬ್ಬರು ಬಾಲಕರನ್ನು ಹಿಡಿದು ತಂದು, ಭಾಷೆ ಕಲಿಸಿ, ಜ್ಞಾನಸ್ನಾನ ಮಾಡಿಸಿದ ಪ್ರಸಂಗವಿದೆ. ಆ ಮಕ್ಕಳು ತಮ್ಮ ತಾಯಿಯ ಹೆಸರು ಹೇಳಿದ್ದೂ ಅದರಲ್ಲಿ ದಾಖಲಾಗಿದೆ. ಆದರೆ ಬಾಲಕರಿಂದ ತಾಯಿಯ ಕವಲು ಮುಂದುವರಿಯದು. ಬಂದಿದ್ದರೆ ಒಬ್ಬ ಹೆಣ್ಣು ಬಂದಿರಬೇಕು. ಅವಳ ಬಗ್ಗೆ ಯಾರೂ ಬರೆದಿಲ್ಲ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 2014ರಲ್ಲಿ ರಷ್ಯಾದ ವಾಯವ್ಯದ ಒನೆಗಾ ಸರೋವರದ ದ್ವೀಪವೊಂದರಲ್ಲಿ ಸಿಕ್ಕ, ಸುಮಾರು 7,500 ವರ್ಷ ಹಳೆಯ ಅಸ್ಥಿಯಲ್ಲಿ ಸಿ1ರ ಇನ್ನೊಂದು ಉಪಕವಲು ಪತ್ತೆಯಾಯಿತು. ಹಾಗಿದ್ದರೆ ಐಸ್‌ಲ್ಯಾಂಡಿನ ಆ ತಾಯಿಯ ಪೂರ್ವಿಕರು ಅಮೆರಿಕಾದವರೇ ಆಗಬೇಕಿಲ್ಲ, ಯುರೋಪಿನ ಉತ್ತರದಲ್ಲಿ ಅಳಿದುಹೋದ ಯಾವುದೋ ಪ್ರಾಚೀನ ಜನರೂ ಆಗಿರಬಹುದು. ಮೊದಲ ಸುದ್ದಿಗೆ ಸಿಕ್ಕ ಪ್ರಚಾರ ಇದಕ್ಕೆ ಸಿಗಲಿಲ್ಲ. ರೋಚಕವಾದುದು ಮೊದಲು ಓಡುತ್ತದೆ, ತಿದ್ದುಪಡಿ ಕುಂಟುತ್ತಾ ಬರುತ್ತದೆ. ಪತ್ರಿಕೆ ನಡೆಸುವ ನಮಗೆ ಇದು ಹೊಸದೇನಲ್ಲ.

ಇಲ್ಲಿ ನಮ್ಮ ಪ್ರಶ್ನೆ ಹುಟ್ಟುತ್ತದೆ. ಇಂತಹ ಅಪರೂಪದ ಕವಲು ತನ್ನಲ್ಲಿದೆ ಎಂದು ತಿಳಿದವನು ಏನೆಂದುಕೊಳ್ಳಬೇಕು? ಹೆಮ್ಮೆಪಡಬೇಕೇ?

ಹೆಮ್ಮೆಗೆ ಕಾರಣವಿಲ್ಲ ಎಂಬುದನ್ನು ವಿಜ್ಞಾನವೇ ಹೇಳುತ್ತದೆ. ಒಂದು ಕವಲು ಅಪರೂಪವಾಗುವುದು ಅದು ಶ್ರೇಷ್ಠವೆಂದಲ್ಲ, ಆ ಸಾಲಿನ ತಾಯಂದಿರಿಗೆ ಹೆಣ್ಣುಮಕ್ಕಳು ಕಡಿಮೆ ಹುಟ್ಟಿದರು ಅಥವಾ ಬದುಕಿ ಉಳಿದದ್ದು ಕಡಿಮೆ ಎಂದಷ್ಟೇ. ಬರೀ ಗಂಡುಮಕ್ಕಳನ್ನು ಹೆತ್ತ ತಾಯಿಯ ಕವಲು ಅವಳ ಮಕ್ಕಳೊಂದಿಗೆ ಮುಗಿಯುತ್ತದೆ, ಮೊಮ್ಮಕ್ಕಳು ನೂರಿದ್ದರೂ ಅಷ್ಟೇ. ಮೇಲಾಗಿ, ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬರಿಗೂ 1,024 ಪೂರ್ವಜರ ಸ್ಥಾನಗಳಿವೆ. ಈ ಕವಲು ಅವರಲ್ಲಿ ಒಬ್ಬಳ ಗುರುತು ಮಾತ್ರ. ತಂದೆಯ ಸಾಲೂ ಹಾಗೆಯೇ ಒಬ್ಬನದು. ಉಳಿದ 1,022 ಮಂದಿಯನ್ನು ಬದಿಗಿಟ್ಟು ಒಬ್ಬನ ಹೆಸರಿನಲ್ಲಿ ಎದೆಯುಬ್ಬಿಸುವುದು ಎಂತಹ ಲೆಕ್ಕ? 1987ರಲ್ಲಿ ಎಲ್ಲ ತಾಯಿಯ ಕವಲುಗಳೂ ಆಫ್ರಿಕಾದ ಒಬ್ಬ ಮಹಿಳೆಯಲ್ಲಿ ಕೂಡುತ್ತವೆ ಎಂಬ ಅಧ್ಯಯನ ಬಂದಾಗ, ಹವ್ವಾರ ಇರವು ಸಾಬೀತಾಯಿತು ಎಂದು ಸಂಭ್ರಮಿಸಿದವರು ನಮ್ಮಲ್ಲೂ ಇದ್ದರು. ಆ ಮಹಿಳೆ ತನ್ನ ಕಾಲದ ಏಕೈಕ ಹೆಣ್ಣಾಗಿರಲಿಲ್ಲ, ಉಳಿದವರ ಸಾಲುಗಳು ನಡುವೆ ಕಡಿದವು ಅಷ್ಟೆ. ನಮ್ಮ ವಿಶ್ವಾಸಕ್ಕೆ ಆ ಊರುಗೋಲು ಬೇಕಾಗಿಯೂ ಇಲ್ಲ.

ಹೆಮ್ಮೆ ಬೇಡವೆಂದರೆ ವಿಷಯ ಮುಗಿಯಿತೇ? ಇಲ್ಲ. ಆ ಮಹಿಳೆ ಐಸ್‌ಲ್ಯಾಂಡ್‌ಗೆ ಹೇಗೆ ಬಂದಳು ಎಂಬುದು ಉಳಿದೇ ಇದೆ. ಅಲ್ಲಿ ಮೊದಲು ನೆಲೆಸಿದ ಗಂಡಸರಲ್ಲಿ ಸುಮಾರು ಮುಕ್ಕಾಲು ಪಾಲು ಸ್ಕ್ಯಾಂಡಿನೇವಿಯಾದವರು, ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬ್ರಿಟನ್ ಮತ್ತು ಐರ್ಲೆಂಡ್ ಕಡೆಯವರು ಎಂದು ಇದೇ ಬಗೆಯ ಪರೀಕ್ಷೆಗಳು ತೋರಿಸಿವೆ. ಅವರಲ್ಲಿ ಎಷ್ಟೋ ಮಂದಿ ಗುಲಾಮರಾಗಿ ಬಂದವರು. ಲಾಕ್ಸ್‌ಡೇಲ ಸಾಗಾ ಎಂಬ ಕಥನದಲ್ಲಿ ಮೆಲ್ಕೋರ್ಕಾ ಎಂಬವಳು ಬರುತ್ತಾಳೆ. ಗುಲಾಮರ ವ್ಯಾಪಾರಿಯಿಂದ ಅವಳನ್ನು ಕೊಂಡವನು ಅವಳು ಮೂಗಿ ಎಂದೇ ತಿಳಿದಿದ್ದ. ಒಂದು ಬೆಳಿಗ್ಗೆ ತೊರೆಯ ಬದಿಯಲ್ಲಿ ಮಾತು ಕೇಳಿ ಹೋಗಿ ನೋಡಿದರೆ, ಅವಳು ತನ್ನ ಪುಟ್ಟ ಮಗನೊಂದಿಗೆ ಮಾತಾಡುತ್ತಿದ್ದಳು. ಐರ್ಲೆಂಡಿನ ಅರಸನ ಮಗಳು ತಾನು, ಹದಿನೈದನೇ ವಯಸ್ಸಿನಲ್ಲಿ ಸೆರೆಯಾದೆ ಎಂದು ಆಗ ಹೇಳಿದಳಂತೆ. ಕಥೆಯಲ್ಲಿ ಇತಿಹಾಸವೆಷ್ಟೋ ಕಲ್ಪನೆಯೆಷ್ಟೋ, ಆ ಮೌನ ಮಾತ್ರ ಸುಳ್ಳೆನಿಸುವುದಿಲ್ಲ. ಅವಳು ಅರಸನ ಮಗಳಾದ್ದರಿಂದ ಕಥೆಯಾದಳು. ಗೇಣಿದಾರನ ಮಗಳಾಗಿದ್ದರೆ?

ಸಿ1ಇ ತಾಯಿಯೂ ಹಾಗೆಯೇ ಬಂದಳೆಂದು ನಾವು ಹೇಳುತ್ತಿಲ್ಲ. ಒಲಿದು ಬಂದಿರಲೂಬಹುದು. ಆದರೆ ಅವಳ ಕವಲು ಇಂದಿಗೂ ಬದುಕಿದೆಯೆಂದು ಕೊಂಡಾಡುವಾಗ ಒಂದು ಜಾಗ್ರತೆ ಬೇಕು. ಗುರುತು ಉಳಿಯಿತು ಎಂದ ಮಾತ್ರಕ್ಕೆ ನ್ಯಾಯ ಸಿಕ್ಕಿತು ಎಂದಾಗುವುದಿಲ್ಲ. ಬಲಾತ್ಕಾರದಿಂದಲೂ ವಂಶ ಬೆಳೆಯುತ್ತದೆ, ಡಿಎನ್ಎ ಅದನ್ನು ಬೇರ್ಪಡಿಸಿ ಹೇಳದು.

ಇದನ್ನು ಬೇರೆಯವರ ಕಥೆ ಎಂದು ನಾವು ದೂರ ನಿಂತು ನೋಡುವಂತಿಲ್ಲ. ಒಮ್ಮೆ ಅಬೂದರ್ರ್(ರ) ಕೋಪದಲ್ಲಿ ಒಬ್ಬರನ್ನು ಅವರ ತಾಯಿಯನ್ನು ಮುಂದಿಟ್ಟು ಹೀಯಾಳಿಸಿದರು. ಅವರು ಬಿಲಾಲ್(ರ) ಎಂದು ವರದಿಗಳಲ್ಲಿದೆ. ಬಿಲಾಲರ ತಾಯಿ ಹಮಾಮ ಅಬಿಸೀನಿಯಾದ ಗುಲಾಮ ಸ್ತ್ರೀ. ಪ್ರವಾದಿ(ಸ) ಇದನ್ನು ಕೇಳಿ, ಅಬೂದರ್ರ್‌ರಲ್ಲಿ ಅಜ್ಞಾನಕಾಲದ ಗುಣ ಇನ್ನೂ ಉಳಿದಿದೆಯೆಂದು ಖಂಡಿಸಿದರು. ಹಾಗಿದ್ದರೂ ಮುಂದಿನ ಅರಬರು ಪರದೇಶಿ ತಾಯಿಯ ಮಗನನ್ನು ‘ಹಜೀನ್’ ಎಂದು ಕೀಳಾಗಿ ಕರೆಯುವುದನ್ನು ಬಿಡಲಿಲ್ಲ. ಉಮಯ್ಯಾ ವಂಶದ ಮಸ್ಲಮಾ ಸಮರ್ಥ ಸೇನಾನಿಯಾಗಿದ್ದರೂ ದಾಸಿಯ ಮಗನಾದ್ದರಿಂದ ಖಲೀಫನಾಗಲಿಲ್ಲ. ಕೆಲವೇ ದಶಕಗಳ ನಂತರ ದಾಸಿಯಾಗಿ ಬಂದ ಖೈಝುರಾನಳ ಮಗ ಹಾರೂನ್ ರಶೀದ್ ಅದೇ ಪೀಠದಲ್ಲಿ ಕುಳಿತ. ಅಷ್ಟಕ್ಕೂ ಅರಬರು ತಮ್ಮ ವಂಶವನ್ನು ಇಸ್ಮಾಈಲರಿಗೆ(ಅ) ಮುಟ್ಟಿಸುವಾಗ ಅವರ ತಾಯಿ ಹಾಜಿರಾ ಈಜಿಪ್ಟಿನ ಸೇವಕಿ ಎಂಬುದನ್ನು ಹೇಗೆ ಮರೆತರು? ಹಜ್ಜಿಗೆ ಹೋದವರು ಇಂದಿಗೂ ಸಫಾ ಮರ್ವಾಗಳ ನಡುವೆ ಏಳು ಸಲ ಸಾಗುವುದು ಅವಳ ಹೆಜ್ಜೆಯಲ್ಲೇ.

ನಮ್ಮ ಕರಾವಳಿಗೆ ಬರೋಣ. ಅರಬ್ ವರ್ತಕರು ಹಾಯಿಹಡಗಿನಲ್ಲಿ ಬಂದರು, ಇಲ್ಲಿ ಮದುವೆಯಾದರು ಎಂದು ನಾವು ಹೇಳಿಕೊಳ್ಳುತ್ತೇವೆ. ಬಂದವರ ಬಗ್ಗೆ ಅಭಿಮಾನದ ಮಾತುಗಳಿವೆ, ಮದುವೆಯಾದ ಹೆಣ್ಣುಮಕ್ಕಳು ಯಾವ ಊರಿನವರು, ಯಾವ ಬಳಿಯವರು ಎಂಬ ಮಾತೇ ಇಲ್ಲ. ಭಾರತದ ಕೆಲವು ಮುಸ್ಲಿಮ್ ಸಮುದಾಯಗಳ ಬಗ್ಗೆ 2009ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು, ಹೊರಗಿನ ಪಾಲು ಇದ್ದರೂ ಅಲ್ಪ, ಬಹುಪಾಲು ನೆರೆಯ ಮುಸ್ಲಿಮೇತರರೊಂದಿಗೇ ಹೋಲುತ್ತದೆ ಎಂದು ಕಂಡುಕೊಂಡಿತು. ಅದಕ್ಕೆ ಪ್ರಯೋಗಾಲಯವೂ ಬೇಕಿರಲಿಲ್ಲ. ಬ್ಯಾರಿ ಭಾಷೆಗೆ ಮಲಯಾಳ ಮತ್ತು ತುಳುವಿನ ನಂಟು, ನವಾಯತಿಗೆ ಕೊಂಕಣಿಯ ನಂಟು. ಅರಬಿ ಅವುಗಳಲ್ಲಿ ಪದಗಳಾಗಿ ಬಂದಿದೆ, ಮೈಕಟ್ಟು ಈ ನೆಲದ್ದು. ತೊಟ್ಟಿಲ ಬದಿಯಲ್ಲಿ ಮಾತು ಕಲಿಸಿದವರು ಯಾರೆಂದು ಅದರಿಂದಲೇ ತಿಳಿಯುತ್ತದೆ. ಈ ನೆಲದ ತಾಯಂದಿರನ್ನು ನಾವೇ ಹೇಳದೆ ಬಿಟ್ಟು, ಆಮೇಲೆ ನಮ್ಮನ್ನು ಹೊರಗಿನವರೆಂದು ಕರೆಯುವವರ ಮೇಲೆ ನೊಂದುಕೊಳ್ಳುತ್ತೇವೆ.

ಐಸ್‌ಲ್ಯಾಂಡಿನ ಕವಲಿನ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಗ್ರೀನ್‌ಲ್ಯಾಂಡಿನಲ್ಲೋ ಕೆನಡಾದ ತೀರದಲ್ಲೋ ರಷ್ಯಾದ ಇನ್ನೊಂದು ಸಮಾಧಿಯಲ್ಲೋ ಅದೇ ಗುರುತಿನ ಹಳೆಯ ಅಸ್ಥಿಯೊಂದು ಸಿಕ್ಕರೆ ಅವಳು ಯಾವ ದಿಕ್ಕಿನಿಂದ ಬಂದಳೆಂದು ಗೊತ್ತಾದೀತು. ಆಗಲೂ ಅವಳನ್ನು ಕರೆಯಲು ನಮ್ಮಲ್ಲಿರುವುದು ಒಂದು ಅಂಕೆ ಮತ್ತು ಎರಡು ಅಕ್ಷರ.