ನಾದರಸಿಕನ ಲಕ್ಷಣವೇನು?

ಕಾವ್ಯವನ್ನು ಓದಿದವರೆಲ್ಲರೂ ಸಹೃದಯರಾಗರೆಂಬುದನ್ನು ನಮ್ಮ ಆಲಂಕಾರಿಕರು ಬಹುಕಾಲದ ಹಿಂದೆಯೇ ನಿಶ್ಚಯಿಸಿದ್ದಾರೆ. ಗಾನವನ್ನು ಕೇಳಿದವರೆಲ್ಲರೂ ನಾದರಸಿಕರೇ ಎಂಬ ಪ್ರಶ್ನೆಯಾದರೋ, ಮನೆಮನೆಗೂ ಧ್ವನಿಯಂತ್ರಗಳು ಬಂದಿರುವ ಈ ಕಾಲದಲ್ಲಿ ಹೊಸದಾಗಿ ವಿಚಾರಾರ್ಹವಾಗಿದೆ. ‘ಆಡಿಯೋಫೈಲ್’ ಎಂದು ಕರೆಯಿಸಿಕೊಳ್ಳುವ ಒಂದು ವರ್ಗವುಂಟು. ಮುದ್ರಿತವಾದ ಗಾನವು ಲೇಶವೂ ವಿಕಾರಗೊಳ್ಳದೆ ಕಿವಿಗೆ ಬೀಳಬೇಕೆಂದು ಇವರು ಯಂತ್ರಗಳಿಗೂ ಅವುಗಳ ತಂತಿಗಳಿಗೂ ಅಪಾರ ದ್ರವ್ಯವನ್ನು ವೆಚ್ಚಮಾಡುವರು. ಇದು ಬರಿಯ ಶೋಕಿಯೆಂದು ತಳ್ಳಿಹಾಕಲು ನಾನು ಒಪ್ಪೆನು. ಉದಾತ್ತಾನುದಾತ್ತಗಳಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಗುರುಗಳು ತಡೆದು ನಿಲ್ಲಿಸುತ್ತಿದ್ದ ಪಾಠಶಾಲೆಯಲ್ಲಿ ಕುಳಿತವನಿಗೆ, ಸೂಕ್ಷ್ಮಶ್ರವಣವೂ ಒಂದು ಸಾಧನೆಯೆಂಬುದು ತಿಳಿಯದ ವಿಷಯವಲ್ಲ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಮನೆಗೆ ಕರೆದೊಯ್ದು, ಯಂತ್ರಕ್ಕೆ ಎರಡು ಬಗೆಯ ತಂತಿಗಳನ್ನು ಒಂದಾದಮೇಲೊಂದು ಜೋಡಿಸಿ, ಒಂದೇ ವೇಣುವಾದನವನ್ನು ಎರಡಾವೃತ್ತಿ ಕೇಳಿಸಿದನು. ಎರಡನೆಯ ತಂತಿಗೆ ಹತ್ತರಷ್ಟು ಬೆಲೆಯೆಂಬುದನ್ನು ಮುಂಚಿತವಾಗಿಯೇ ಹೇಳಿದ್ದನು.

“ವ್ಯತ್ಯಾಸ ತಿಳಿಯಿತೆ, ಮೇಷ್ಟ್ರೆ?”

“ಚೆನ್ನಾಗಿ ತಿಳಿಯಿತಪ್ಪ” ಎಂದೆನು. ತಿಳಿದಿರಲಿಲ್ಲ. ಎಳೆಯ ಕಿವಿಯು ಸೆಕೆಂಡಿಗೆ ಸುಮಾರು 20 ರಿಂದ 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲುದು. ವಯಸ್ಸಾದಂತೆ ಮೇಲಣ ತುದಿಯು ಸವೆಯುತ್ತ ಬರುವುದು. ನನ್ನ ಕಿವಿ ಅರುವತ್ತನ್ನು ದಾಟಿದೆ. ಆದರೆ ಆ ರಾತ್ರಿ ನಿದ್ದೆಗೆಡಿಸಿದ್ದು ಕಿವಿಯ ದೋಷವಲ್ಲ, ನಾಲಗೆಯದು.

ಪ್ರತ್ಯಕ್ಷಜ್ಞಾನವನ್ನು ಲಕ್ಷಿಸುವಾಗ ಗೌತಮರು ಅದು ‘ಅವ್ಯಪದೇಶ್ಯ’ವಾಗಿರಬೇಕೆಂದಿದ್ದಾರೆ, ಎಂದರೆ, ಹೆಸರಿನಿಂದ ಹುಟ್ಟಿದ ಅರಿವು ಪ್ರತ್ಯಕ್ಷವಲ್ಲ. ಬೆಲೆಯನ್ನು ಮೊದಲು ಕೇಳಿ ನಾದವನ್ನು ಆಮೇಲೆ ಕೇಳಿದವನಿಗೆ ಕೇಳಿಸಿದುದು ಯಾವುದು? ಆದಕಾರಣವೇ ವಿಜ್ಞಾನಿಗಳು, ಯಾವ ಉಪಕರಣವು ನುಡಿಯುತ್ತಿದೆಯೆಂಬುದನ್ನು ಕೇಳುವವನಿಗೂ ಕೇಳಿಸುವವನಿಗೂ ಮರೆಮಾಡಿ ಹಲವು ಬಾರಿ ಪರೀಕ್ಷಿಸುವರು. ಪರೀಕ್ಷೆಯ ಆತಂಕದಲ್ಲಿ ರಸವೇ ಇಂಗಿಹೋಗುವುದೆಂದು ಕೆಲವು ರಸಿಕರು ಆಕ್ಷೇಪಿಸುವರು. ಈ ಮಾತು ಪೂರ್ತಿಯಾಗಿ ನಿಸ್ಸಾರವಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಬಲ್ಲ ಪಾಠವನ್ನೂ ಮರೆತ ಹುಡುಗರನ್ನು ನಾನು ಕಂಡಿದ್ದೇನೆ. ಆದರೂ ಹಾಗೆನ್ನುವವರು ಮನೆಯಲ್ಲಿ ಒಬ್ಬರೇ ಕುಳಿತಾದರೂ ಪರೀಕ್ಷಿಸಿಕೊಂಡಿರುವರೋ ಎಂದು ಕೇಳಬೇಕೆನಿಸುವುದು.

ಶುದ್ಧಧ್ವನಿಯಿಲ್ಲದೆ ರಸವಿಲ್ಲವೆಂಬ ಮಾತಂತೂ ನಿಲ್ಲದು. ಕಲ್ಕತ್ತೆಯಲ್ಲಿ 1902ರಲ್ಲಿ ಹಾಡಿ ಪ್ಲೇಟು ಕೊಟ್ಟು, ಕಡೆಗೆ ಮೈಸೂರಿನಲ್ಲಿ ನೆಲಸಿ 1930ರಲ್ಲಿ ಅಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಅವರ ಗಾನವನ್ನು ಕೇಳಿರಿ. ವಿದ್ಯುತ್ತಿನ ನೆರವಿಲ್ಲದೆ ಕಹಳೆಯ ಬಾಯಿಗೆ ಹಾಡಿದ ಕೆಲವೇ ನಿಮಿಷಗಳ ಹಾಡದು. ಮುಕ್ಕಾಲು ಪಾಲು ಗರಗರ ಸದ್ದು. ಅದರ ನಡುವೆ ತಾನವೊಂದು ಮಿಂಚಿ ಹೋಗುವಾಗ ನನ್ನ ಸವೆದ ಕಿವಿಗೆ ಏನೂ ಕೊರತೆ ತೋರದು. ಇಲ್ಲಿ ನಾನು ಸುಳ್ಳಾಡುತ್ತಿಲ್ಲ.

ವಾರ ಕಳೆದು ಆ ವಿದ್ಯಾರ್ಥಿಯ ಮನೆಗೆ ಹೋಗಿ ಇದ್ದುದನ್ನು ಇದ್ದಂತೆ ಒಪ್ಪಿಕೊಂಡೆನು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನನ್ನು ಕರೆದು, ಯಂತ್ರದ ಮೇಲೆ ಪಂಚೆಯನ್ನು ಹೊದಿಸಿ, ಇಷ್ಟಬಂದಂತೆ ತಂತಿಗಳನ್ನು ಬದಲಾಯಿಸುವಂತೆ ಹೇಳಿದನು. ಹತ್ತು ಸಲದಲ್ಲಿ ಆತನು ಸರಿಯಾಗಿ ಗುರುತಿಸಿದುದು ಐದು ಸಲ. ಕಾಸನ್ನು ಚಿಮ್ಮಿದ್ದರೂ ಅಷ್ಟೇ ಬರುತ್ತಿದ್ದಿತು. ಆತನು ಮುನಿಯಲಿಲ್ಲ, “ನನಗೂ ತಿಳಿಯದು, ಮೇಷ್ಟ್ರೆ” ಎಂದು ನಕ್ಕನು. ಆತನು ನಾದರಸಿಕನೆಂದು ನಾನು ಒಪ್ಪಿದುದು ಆ ಗಳಿಗೆಯಲ್ಲಿ. ಬಳಿಕ, ಜೋಡಿಸಿರುವುದು ಯಾವ ತಂತಿಯೆಂದು ವಿಚಾರಿಸದೆ, ಅದೇ ಕೊಳಲನ್ನು ಕಡೆಯವರೆಗೆ ಕೇಳಿದೆವು.