ಸಂತೋಷ ಸರಿದು ಹೋಗುವ ಮುನ್ನ



ಸುಖ ಬಹುಕಾಲ ನಿಲ್ಲದು, ಬಾಳು ಮೂರು ದಿನದ ಸಂತೆ ಎಂಬ ಮಾತು ದಾಸರ ಪದಗಳಲ್ಲಿದೆ, ಸಿನಿಮಾ ಹಾಡುಗಳಲ್ಲೂ ಇದೆ. ಅದನ್ನು ಕೇಳಿ ಕೆಲವರು, ‘ಹೇಗೂ ಹೋಗುವ ಜೀವ, ಇದ್ದಷ್ಟು ದಿನ ಮಜಾ ಮಾಡೋಣ’ ಎನ್ನುತ್ತಾರೆ. ಇನ್ನು ಕೆಲವರು, ‘ನಿಲ್ಲದ ಸಂತೋಷಕ್ಕೆ ಆಸೆಪಡುವುದೇಕೆ?’ ಎಂದು ಮುಖ ಗಂಟಿಕ್ಕುತ್ತಾರೆ. ಇವರಲ್ಲಿ ಯಾರು ಸರಿ?

ಅಮೆರಿಕದ ಜಾನಪದ ಗಾಯಕ ಪೀಟ್ ಸೀಗರ್ 1950ರ ದಶಕದ ಕೊನೆಯಲ್ಲಿ ‘ಟರ್ನ್ ಟರ್ನ್ ಟರ್ನ್’ ಎಂಬ ಹಾಡು ಕಟ್ಟಿದರು. ಅದರ ಮಾತುಗಳು ಬಹುಪಾಲು ಬೈಬಲಿನವು, ಉಪದೇಶಕ ಗ್ರಂಥದ 3ನೆಯ ಅಧ್ಯಾಯದ ಮೊದಲ 8 ವಚನಗಳು. ಹುಟ್ಟು-ಸಾವು, ಅಳು-ನಗು, ಕೆಡವುವುದು-ಕಟ್ಟುವುದು ಹೀಗೆ ಅಲ್ಲಿ 14 ಜೋಡಿಗಳಿವೆ. ವಿಯೆಟ್ನಾಂ ಯುದ್ಧದ ಕಾಲವಾದ 1965ರಲ್ಲಿ ‘ಬರ್ಡ್ಸ್’ ತಂಡ ಇದನ್ನು ಹಾಡಿದಾಗ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಸಿಕ್ಕಿತು. ನಾವು ಬಲಿಪೂಜೆಯಲ್ಲಿ ಕೇಳುವ ವಾಚನ ಅಲ್ಲಿನ ಯುವಜನರ ನಾಲಿಗೆಯ ಮೇಲೆ ನಲಿಯಿತು.

ಆ ಜೋಡಿಗಳನ್ನು ಗಮನಿಸಿ. ನಗು ಸರಿದುಹೋಗುತ್ತದೆ ನಿಜ, ಆದರೆ ಅಳುವಿಗೂ ಅದೇ ನಿಯಮ. ದುಃಖದಲ್ಲಿರುವವರಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಬೇಕೆ?

ಹಾಡು 8ನೆಯ ವಚನಕ್ಕೆ ಮುಗಿಯುತ್ತದೆ. ನೀವು ಅಲ್ಲಿಗೆ ನಿಲ್ಲಿಸದೆ 12 ಮತ್ತು 13ನೆಯ ವಚನಗಳನ್ನೂ ಓದಿ. ಬದುಕಿರುವಾಗ ಸಂತೋಷಪಡುವುದು, ಒಳ್ಳೆಯದನ್ನು ಮಾಡುವುದು, ದುಡಿದು ಉಂಡು ತೃಪ್ತಿ ಕಾಣುವುದು ದೇವರ ವರವೆಂದು ಉಪದೇಶಕ ಹೇಳುತ್ತಾನೆ. ಮಜಾ ಮಾಡೋಣ ಎನ್ನುವವನು ಒಳ್ಳೆಯದನ್ನು ಮಾಡಲು ಮರೆಯುತ್ತಾನೆ. ಮುಖ ಗಂಟಿಕ್ಕುವವನು ಕೊಟ್ಟ ವರವನ್ನೇ ಬೇಡವೆನ್ನುತ್ತಾನೆ. ಇಬ್ಬರೂ ಸರಿಯಲ್ಲ.

ಈ ಗ್ರಂಥದಲ್ಲಿ ಮತ್ತೆ ಮತ್ತೆ ಬರುವ ‘ವ್ಯರ್ಥ’ ಎಂಬ ಮಾತಿಗೆ ಹೀಬ್ರೂ ಮೂಲದ ಪದ ‘ಹೆವೆಲ್’. ಅದರ ನೇರ ಅರ್ಥ ಉಸಿರು, ಆವಿ. ಉಸಿರನ್ನು ಯಾರೂ ಕೂಡಿಡಲಾರರು, ಆದರೆ ಆಯಾ ಕ್ಷಣದ ಉಸಿರನ್ನು ಎಳೆದುಕೊಳ್ಳದಿದ್ದರೆ ಬದುಕಿಲ್ಲ. ಸಂತೋಷವೂ ಹಾಗೆಯೇ.

ನಾವೋ, ಸಾಲ ತೀರಲಿ, ಮನೆ ಕಟ್ಟಿ ಮುಗಿಯಲಿ, ಮಗಳ ಮದುವೆಯಾಗಲಿ, ಆಮೇಲೆ ನೆಮ್ಮದಿಯಾಗಿ ಕೂರೋಣ ಎನ್ನುತ್ತೇವೆ. ಅಷ್ಟರಲ್ಲಿ ಮಕ್ಕಳು ಬೆಳೆದು ದೂರದ ಊರು ಸೇರಿರುತ್ತಾರೆ. ನಾಲ್ಕು ಮಾತಿಗಾಗಿ ಕಾದಿದ್ದ ಅಜ್ಜಿ ಇರುವುದಿಲ್ಲ. ಜಮೀನಿನ ಪಾಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಕೊನೆಗೆ ಒಂದಾಗುವುದು ಸಾವಿನ ಮನೆಯಲ್ಲಿ. ಆಗ ಒಬ್ಬನು ಅಳುತ್ತಾನೆ, ಇನ್ನೊಬ್ಬನಿಗೆ ಅದು ಕೇಳಿಸುವುದಿಲ್ಲ.

ಸೀಗರ್ 2014ರಲ್ಲಿ ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬೈಬಲಿನ ಮಾತಿಗೆ ಅವರು ತಮ್ಮದಾಗಿ ಸೇರಿಸಿದ್ದು ಬಹಳ ಕಡಿಮೆ. ಅದರಲ್ಲಿ ಮುಖ್ಯವಾದದ್ದು ಹಾಡಿನ ಕೊನೆಯಲ್ಲಿದೆ. ಶಾಂತಿಯ ಬಾಗಿಲು ಇನ್ನೂ ಮುಚ್ಚಿಲ್ಲವೆಂಬ ಭರವಸೆ ಅದು. ಯುದ್ಧದ ದಿನಗಳಲ್ಲಿ ಜನ ಅದನ್ನು ದೇಶ ದೇಶಗಳ ಶಾಂತಿಗಾಗಿ ಹಾಡಿದರು. ನಮ್ಮ ಮನೆಗಳಿಗೂ ಅದು ಬೇಕಾದ ಮಾತು. ನೀವು ಮಾತು ಬಿಟ್ಟ ಒಡಹುಟ್ಟಿದವರು ಯಾರಾದರೂ ಇದ್ದರೆ, ಅವರೂ ನೀವೂ ಬದುಕಿರುವ ಈ ದಿನವೇ ತಕ್ಕ ಸಮಯ. ಹೋಗಿ ಅವರ ಮನೆಯ ಬಾಗಿಲು ತಟ್ಟಿ.